ಮೂಲಶಿಲೆಯೇ ನೆರೆಶಿಲೆ: ಉಲ್ಕಾಘಾತದ ಶಿಲಾದ್ರವವನ್ನು ಕುರಿತ ವ್ಯಾಖ್ಯಾನಗಳ ವಿಮರ್ಶೆ

1. ಕಲ್ಲಿನ ಕಾಲ, ಬರಹದ ಕಾಲ

ಉಡುಪಿಯ ದಕ್ಷಿಣಕ್ಕೆ, ನದಿಯೊಂದು ಕಡಲನ್ನು ಸೇರುವ ತಾಣದ ಸಮೀಪದಲ್ಲಿರುವ ಉದ್ಯಾವರವು ಆಳುಪರ ಇತಿಹಾಸದಲ್ಲಿ ಮಹತ್ವದ ಸ್ಥಾನವನ್ನು ಪಡೆದಿದೆ. ಇಲ್ಲಿಯ ಶಂಭುಕಲ್ಲು ದೇವಾಲಯದ ಆವರಣದ ಶಾಸನಗಳನ್ನು ಹುಲ್ಷ್ ಎಪಿಗ್ರಾಫಿಯಾ ಇಂಡಿಕಾದ 9ನೆಯ ಸಂಪುಟದಲ್ಲಿ ಪ್ರಕಟಿಸಿದ ಮೇಲೆ ಕರಾವಳಿಯ ಆರಂಭಕಾಲದ ರಾಜಕೀಯ ಚರಿತ್ರೆಗೆ ಒಂದು ಖಚಿತವಾದ ನೆಲೆ ದೊರಕಿತು. ಈ ಶಾಸನಗಳಿಗೆ ವಿದ್ವಾಂಸರು ನೀಡುವ ಕಾಲವು ಮುಖ್ಯವಾಗಿ ಲಿಪಿಲಕ್ಷಣವನ್ನು ಆಧರಿಸಿದ್ದು, ಕ್ರಿ.ಶ. 8ನೆಯ ಶತಮಾನದ ಆಸುಪಾಸಿನದು. ಈ ಕರಾವಳಿಯ ತಳಹದಿಯಾಗಿರುವ ನೈಸ್ ಶಿಲೆಯಾದರೋ 250 ಕೋಟಿ ವರ್ಷಗಳಿಗೂ ಹಳೆಯದು. ಕಲ್ಲಿನ ವಯಸ್ಸನ್ನು ಬರಹದ ವಯಸ್ಸೆಂದು ಯಾವ ಶಾಸನತಜ್ಞನೂ ಭ್ರಮಿಸುವುದಿಲ್ಲ. ಎರಡೂ ಒಂದೇ ವಸ್ತುವಿನಲ್ಲಿದ್ದರೂ ಅವು ಬೇರೆ ಬೇರೆ ಘಟನೆಗಳ ಸಾಕ್ಷ್ಯಗಳು.

ಶಾಸನಶಾಸ್ತ್ರದಲ್ಲಿ ಇಷ್ಟು ಸರಳವಾಗಿರುವ ಈ ವಿವೇಚನೆ ಭೂವಿಜ್ಞಾನದ ಒಂದು ಕ್ಷೇತ್ರದಲ್ಲಿ ಅತ್ಯಂತ ಜಟಿಲವಾಗುತ್ತದೆ. ಆಕಾಶದಿಂದ ಬಂದ ಕಾಯವೊಂದು ನೆಲಕ್ಕೆ ಬಡಿದಾಗ ಅಲ್ಲಿಯ ಶಿಲೆಯ ಒಂದು ಭಾಗ ಕ್ಷಣಮಾತ್ರದಲ್ಲಿ ಕರಗಿ, ಕರಗದೆ ಉಳಿದ ಶಿಲೆಯೊಡನೆ ಬೆರೆತು, ಮತ್ತೆ ಘನೀಭವಿಸುತ್ತದೆ. ಹೀಗೆ ಹುಟ್ಟಿದ ಹೊಸ ಕಲ್ಲಿನಲ್ಲಿ ಹಳೆಯ ಕಲ್ಲಿನ ಎಷ್ಟು ಅಂಶ ಅಳಿದಿದೆ, ಎಷ್ಟು ಉಳಿದಿದೆ ಎಂಬುದನ್ನು ಬರಿಗಣ್ಣು ಹೇಳಲಾರದು. ಹಲವು ಸಂದರ್ಭಗಳಲ್ಲಿ ಉಪಕರಣವೂ ನಿಸ್ಸಂದಿಗ್ಧವಾಗಿ ಹೇಳಲಾರದು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋನಾರ್ ಕುಳಿಯ ವಯಸ್ಸು 52,000 ವರ್ಷವೋ 5,70,000 ವರ್ಷವೋ ಎಂಬ ವಿವಾದದ ಮೂಲದಲ್ಲಿರುವುದು ಈ ಪ್ರಶ್ನೆಯೇ. ಆ ಕುಳಿಯ ಶಿಲಾದ್ರವದಲ್ಲಿ ಬಸಾಲ್ಟಿನ ಕೆಳಗಣ ಪುರಾತನ ತಳಶಿಲೆಯ ಪಾಲು ಇದೆಯೇ ಎಂಬ ಇನ್ನೊಂದು ಚರ್ಚೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಯೂ ಸೇರಿದೆ.

ಪ್ರಸ್ತುತ ಲೇಖನದ ಉದ್ದೇಶ ಈ ವ್ಯಾಖ್ಯಾನಗಳನ್ನು ವಿಮರ್ಶಾತ್ಮಕವಾಗಿ ಪರಿಶೀಲಿಸುವುದು. ಜ್ವಾಲಾಮುಖಿಯ ಶಿಲಾರಸಕ್ಕಾಗಿ ರೂಪುಗೊಂಡ ಪರಿಭಾಷೆಯನ್ನು ಉಲ್ಕಾಘಾತದ ದ್ರವಕ್ಕೆ ಹಾಗೆಯೇ ಅನ್ವಯಿಸುವುದರಿಂದ, ಕರಗಿದ ಶಿಲೆಗೂ ಅದರ ಸುತ್ತಲಿನ ಶಿಲೆಗೂ ಇರುವ ವಿಶಿಷ್ಟ ಸಂಬಂಧ ಮರೆಯಾಗುತ್ತದೆ ಎಂಬುದು ಇಲ್ಲಿಯ ಪ್ರಮುಖ ಪ್ರತಿಪಾದನೆ.

2. ಪರಿಭಾಷೆಯ ಸಮಸ್ಯೆ

ಕನ್ನಡದಲ್ಲಿ ವಿಜ್ಞಾನ ಬರವಣಿಗೆಗೆ ದೀರ್ಘ ಪರಂಪರೆಯೇ ಇದೆ. 1918ರಲ್ಲಿ ಬೆಂಗಳೂರಿನಿಂದ ಹೊರಟ ‘ವಿಜ್ಞಾನ’ ಪತ್ರಿಕೆಯಿಂದ ಮೊದಲುಗೊಂಡು, ಕೋಟ ಶಿವರಾಮ ಕಾರಂತರು ಏಕಾಂಗಿಯಾಗಿ ರಚಿಸಿದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳ ಮೂಲಕ ಸಾಗಿಬಂದ ಈ ಪರಂಪರೆಯಲ್ಲಿ ಭೂವಿಜ್ಞಾನದ ಪದಗಳು ಬಹುಮಟ್ಟಿಗೆ ನೆಲೆಗೊಂಡಿವೆ. ಭೂಗರ್ಭದ ಕರಗಿದ ಶಿಲೆಗೆ ಶಿಲಾಪಾಕ, ಶಿಲಾರಸ, ಮ್ಯಾಗ್ಮ ಎಂಬ ಪದಗಳೂ, ಅದು ಹೊರಬಂದು ಹರಿದಾಗ ಲಾವಾ, ಲಾವಾರಸ ಎಂಬ ಪದಗಳೂ ಬಳಕೆಯಲ್ಲಿವೆ.

ಇವುಗಳಲ್ಲಿ ಶಿಲಾಪಾಕ ಎಂಬ ಪದ ವಿಶೇಷವಾಗಿ ಅರ್ಥಪೂರ್ಣವಾದುದು. ಪಾಕವೆಂದರೆ ಬೇಯಿಸಿ ಹದಕ್ಕೆ ತಂದದ್ದು. ಬೆಲ್ಲದ ಪಾಕಕ್ಕೆ ಒಲೆ, ಕಾಲ, ಹದ ಮೂರೂ ಬೇಕು. ಭೂಗರ್ಭದ ಶಿಲಾರಸಕ್ಕೆ ಈ ಹೋಲಿಕೆ ಬಹುಮಟ್ಟಿಗೆ ಒಪ್ಪುತ್ತದೆ. ಅದು ಆಳದಲ್ಲಿ ನಿಧಾನವಾಗಿ ಹುಟ್ಟುತ್ತದೆ. ಶಿಲೆಯ ಘಟಕಗಳಲ್ಲಿ ಸುಲಭವಾಗಿ ಕರಗುವಂಥವು ಮೊದಲು ಕರಗಿ ಬೇರ್ಪಡುತ್ತವೆ. ಹಾಗೆ ಬೇರ್ಪಟ್ಟ ರಸ ಮೇಲೇರಿ, ತನ್ನದಲ್ಲದ ಬೇರೊಂದು ಶಿಲೆಯ ಬಿರುಕುಗಳನ್ನು ಹೊಗುತ್ತದೆ. ಹೀಗೆ ಹೊಗಿಸಿಕೊಂಡ ಶಿಲೆಯನ್ನು ‘ಆತಿಥೇಯ ಶಿಲೆ’ ಎಂದು ಕರೆಯುವುದರಲ್ಲಿ ತಪ್ಪಿಲ್ಲ. ಬಂದ ರಸ ಅತಿಥಿ, ಎಡೆಗೊಟ್ಟ ಶಿಲೆ ಆತಿಥೇಯ.

ಉಲ್ಕಾಘಾತದ ದ್ರವಕ್ಕೆ ಈ ಎರಡು ಹೋಲಿಕೆಗಳೂ ಒಪ್ಪುವುದಿಲ್ಲ. ಅಲ್ಲಿ ಪಾಕವಿಲ್ಲ, ಏಕೆಂದರೆ ಕರಗುವಿಕೆ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಅಲ್ಲಿ ಅತಿಥಿಯೂ ಇಲ್ಲ. ಏಕೆಂದರೆ ಕರಗಿದ್ದು ಹೊರಗಿನಿಂದ ಬಂದ ಕಾಯವಲ್ಲ, ಆ ನೆಲದ ಕಲ್ಲೇ. ಬಂದ ಕಾಯದ ಬಹುಭಾಗ ಆವಿಯಾಗಿಯೋ ಸೂಕ್ಷ್ಮವಾಗಿ ಕರಗಿ ಚದುರಿಯೋ ಹೋಗುತ್ತದೆ. ದ್ರವದಲ್ಲಿ ಅದರ ಪಾಲು ಸಾಮಾನ್ಯವಾಗಿ ಅತ್ಯಲ್ಪ. ಆದ್ದರಿಂದ ಇಲ್ಲಿ ‘ಮೂಲಶಿಲೆ’ ಮತ್ತು ‘ನೆರೆಶಿಲೆ’ ಎಂಬ ಎರಡು ಪದಗಳನ್ನು ಬಳಸಿಕೊಳ್ಳುವುದು ಉಚಿತ. ಯಾವುದು ಕರಗಿ ದ್ರವವಾಯಿತೋ ಅದು ಮೂಲಶಿಲೆ. ದ್ರವವನ್ನು ಯಾವುದು ಸುತ್ತುವರಿದಿದೆಯೋ ಅದು ನೆರೆಶಿಲೆ. ಜ್ವಾಲಾಮುಖಿಯಲ್ಲಿ ಇವು ಸಾಮಾನ್ಯವಾಗಿ ಬೇರೆ ಬೇರೆ. ಉಲ್ಕಾಘಾತದಲ್ಲಿ ಎರಡೂ ಬಹುಮಟ್ಟಿಗೆ ಒಂದೇ. ಆ ದ್ರವವನ್ನು ‘ಆಘಾತದ್ರವ’ವೆಂದು ಕರೆದರೆ ಶಿಲಾಪಾಕದಿಂದ ಅದನ್ನು ಬೇರ್ಪಡಿಸಿದಂತಾಗುತ್ತದೆ.

ಈ ಭೇದವನ್ನು ಗ್ರಹಿಸಲು ಉದ್ಯಾವರದ ಓದುಗನಿಗೆ ಒಂದು ಉತ್ತಮ ನಿದರ್ಶನ ಕಡಲಿನಾಚೆಯೇ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ನಿಜವಾದ ಶಿಲಾಪಾಕದ ಸೃಷ್ಟಿ. ಇವುಗಳ ವಯಸ್ಸನ್ನು ವಿವಿಧ ವಿಧಾನಗಳು ಸುಮಾರು 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವೆ ಸೂಚಿಸಿವೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಘಟನೆಯೊಡನೆ ಇವುಗಳ ಸಂಬಂಧವನ್ನು ಗುರುತಿಸಲಾಗಿದೆ. ಇವನ್ನು ಬಸಾಲ್ಟ್ ಎಂದು ಬರೆಯುವ ರೂಢಿ ವ್ಯಾಪಕವಾಗಿದ್ದರೂ ರಾಸಾಯನಿಕವಾಗಿ ಅವು ಸಿಲಿಕ ಹೆಚ್ಚಾಗಿರುವ ಡೇಸೈಟ್ ಮತ್ತು ರಯೊಲೈಟ್ ವರ್ಗಕ್ಕೆ ಸೇರಿದವು. ಆಕಾರವನ್ನು ನೋಡಿ ಹೆಸರಿಟ್ಟುದರ ಫಲವಿದು. ಕಂಬದ ಆಕಾರ ಬರುವುದು ಲಾವಾ ತನ್ನ ಅಂಚುಗಳಿಂದ ಒಳಮುಖವಾಗಿ ತಣಿದು ಕುಗ್ಗಿ ಬಿರಿಯುವುದರಿಂದ. ಅದು ತಣಿದ ರೀತಿಯನ್ನು ಹೇಳುತ್ತದೆಯೇ ಹೊರತು ಅದರ ಕುಲವನ್ನಲ್ಲ. ರೂಪದಿಂದ ಮೂಲವನ್ನು ಊಹಿಸುವ ಇದೇ ದೋಷ ಉಲ್ಕಾಘಾತದ ಅಧ್ಯಯನದಲ್ಲಿಯೂ ದೀರ್ಘಕಾಲ ಮುಂದುವರಿದುದನ್ನು ಮುಂದೆ ಕಾಣಬಹುದು.

3. ಆಘಾತದ್ರವದ ಸ್ವಭಾವ

ಭೂಮಿಗೆ ಅಪ್ಪಳಿಸುವ ಕಾಯಗಳ ವೇಗ ಸೆಕೆಂಡಿಗೆ 11 ಕಿಲೋಮೀಟರಿಗಿಂತ ಕಡಿಮೆ ಇರುವುದಿಲ್ಲ, ವಾತಾವರಣ ಅದನ್ನು ಗಣನೀಯವಾಗಿ ತಗ್ಗಿಸದ ಪಕ್ಷದಲ್ಲಿ. ಈ ವೇಗದಲ್ಲಿ ಬಡಿದಾಗ ಶಿಲೆಯೊಳಗೆ ಆಘಾತ ತರಂಗವೊಂದು ಹೊಮ್ಮುತ್ತದೆ. ಒತ್ತಡ ಸುಮಾರು 25–45 ಗಿಗಾಪ್ಯಾಸ್ಕಲ್ ತಲುಪಿದಲ್ಲಿ, ಅಂದರೆ ವಾಯುಮಂಡಲದ ಒತ್ತಡದ ಎರಡೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪಟ್ಟು ಆದಲ್ಲಿ, ಪ್ಲೇಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್ ಖನಿಜವು ಕರಗದೆಯೇ ತನ್ನ ಹರಳಿನ ಕಟ್ಟನ್ನು ಕಳೆದುಕೊಂಡು ಮ್ಯಾಸ್ಕೆಲಿನೈಟ್ ಎಂಬ ಗಾಜಿನಂತಹ ವಸ್ತುವಾಗುತ್ತದೆ. ಒತ್ತಡ ಇನ್ನೂ ಏರಿ, ಗ್ರಾನೈಟಿನಲ್ಲಿ ಸುಮಾರು 60, ಬಸಾಲ್ಟಿನಲ್ಲಿ ಸುಮಾರು 80 ಗಿಗಾಪ್ಯಾಸ್ಕಲ್ ಮೀರಿದರೆ ಇಡೀ ಶಿಲೆಯೇ ಕರಗುತ್ತದೆ. ಒತ್ತಡ ಇಳಿದ ಮೇಲೆಯೂ ಶಿಲೆಯಲ್ಲಿ ಉಳಿಯುವ ಶಾಖವೇ ಇದಕ್ಕೆ ಕಾರಣ.

ಇಲ್ಲಿ ಮೂರು ಲಕ್ಷಣಗಳು ಗಮನಾರ್ಹ. ಮೊದಲನೆಯದಾಗಿ, ಘಟಕಗಳು ಒಂದೊಂದಾಗಿ ಕರಗುವ ಬದಲು ಶಿಲೆ ಸಮಗ್ರವಾಗಿ ಕರಗುತ್ತದೆ. ಆದ್ದರಿಂದ ದ್ರವದ ರಾಸಾಯನಿಕ ಸಂಯೋಜನೆ ಮೂಲಶಿಲೆಗಳ ಸರಾಸರಿಯನ್ನು ಹೋಲುತ್ತದೆ. ಎರಡನೆಯದಾಗಿ, ದ್ರವ ತನ್ನ ಕರಗುವ ಬಿಂದುವನ್ನು ಬಹಳವಾಗಿ ಮೀರಿದ ಉಷ್ಣತೆಯಲ್ಲಿ ಹುಟ್ಟುತ್ತದೆ. ಬಸಾಲ್ಟಿನ ಲಾವಾ ಸಾಮಾನ್ಯವಾಗಿ 1,100–1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುತ್ತದೆ. ಕೆನಡಾದ ಲ್ಯಾಬ್ರಡಾರಿನಲ್ಲಿರುವ 28 ಕಿಲೋಮೀಟರ್ ವ್ಯಾಸದ ಮಿಸ್ಟಾಸ್ಟಿನ್ ಕುಳಿಯಲ್ಲಿ ಜಿರ್ಕಾನ್ ಖನಿಜವು ಘನಾಕೃತಿಯ ಜಿರ್ಕೋನಿಯವಾಗಿ ಮಾರ್ಪಟ್ಟಿದ್ದ ಕುರುಹುಗಳನ್ನು 2017ರಲ್ಲಿ ವರದಿ ಮಾಡಲಾಯಿತು. ಇದಕ್ಕೆ 2,370 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣತೆ ಅಗತ್ಯ. ಮೂರನೆಯದಾಗಿ, ಹುಟ್ಟಿದ ಕ್ಷಣದಿಂದಲೇ ದ್ರವ ಚಲಿಸುತ್ತದೆ. ಅದು ತೆರೆದುಕೊಳ್ಳುತ್ತಿರುವ ಕುಳಿಯ ಗೋಡೆಗುಂಟ ಕೆಳಕ್ಕೂ ಹೊರಕ್ಕೂ ನುಗ್ಗುತ್ತ, ಒಡೆದ ಕಲ್ಲುಗಳನ್ನು ಎತ್ತಿಕೊಳ್ಳುತ್ತ, ಬಿರುಕುಗಳಿಗೆ ಇಳಿಯುತ್ತ, ಒಂದಷ್ಟು ಭಾಗ ಹನಿಗಳಾಗಿ ಆಚೆಗೆ ಸಿಡಿಯುತ್ತ ಹೋಗುತ್ತದೆ.

ನೆರೆಶಿಲೆಯೊಡನೆ ಅದರ ವ್ಯವಹಾರ ಎರಡು ಹಂತಗಳಲ್ಲಿ ನಡೆಯುತ್ತದೆಂದು ಕೆನಡಾದ ಮ್ಯಾನಿಕುವಾಗನ್ ಕುಳಿಯನ್ನು ಕುರಿತು 1970ರ ದಶಕದಲ್ಲಿ ನಡೆದ ಉಷ್ಣಗಣನೆಗಳು ತೋರಿಸಿದವು. ಮೊದಲ ಹಂತ ಅತ್ಯಲ್ಪ ಕಾಲದ್ದು. ದ್ರವದೊಳಗೆ ಬಿದ್ದ ತಣ್ಣನೆಯ ಕಲ್ಲಿನ ಚೂರುಗಳು ಅದರ ಹೆಚ್ಚುವರಿ ಶಾಖವನ್ನು ಹೀರಿಕೊಳ್ಳುತ್ತವೆ. ಸಣ್ಣ ಚೂರುಗಳು ಪೂರ್ಣವಾಗಿ ಕರಗುತ್ತವೆ, ದೊಡ್ಡವು ಅಂಚಿನಲ್ಲಿ ಮಾತ್ರ. ಎರಡನೆಯ ಹಂತ ದೀರ್ಘವಾದುದು. ಮಿಶ್ರಣವು ಮೇಲಿನ ಗಾಳಿಗೂ ಕೆಳಗಿನ ತಳಶಿಲೆಗೂ ಶಾಖವನ್ನು ಬಿಟ್ಟುಕೊಡುತ್ತ ನಿಧಾನವಾಗಿ ತಣಿಯುತ್ತದೆ. ಮೊದಲ ಹಂತದಲ್ಲಿ ನೆರೆಶಿಲೆ ದ್ರವವನ್ನು ತಣಿಸುತ್ತದೆ; ಎರಡನೆಯ ಹಂತದಲ್ಲಿ ದ್ರವ ನೆರೆಶಿಲೆಯನ್ನು ಕಾಯಿಸುತ್ತದೆ. ಎಷ್ಟು ದ್ರವ ಇತ್ತು, ಎಷ್ಟು ಕಾಲ ಬಿಸಿಯಾಗಿತ್ತು ಎಂಬುದನ್ನು ಅವಲಂಬಿಸಿ ಹಳೆಯ ಶಿಲೆಯ ಗುರುತುಗಳು ಅಳಿಯುತ್ತವೆ ಅಥವಾ ಉಳಿಯುತ್ತವೆ.

ಪೂರ್ಣವಾಗಿ ಅಳಿಯುವುದರತ್ತ ಸಾಗಿದ ನಿದರ್ಶನ ಕೆನಡಾದ ಸಡ್‌ಬರಿ. ಸುಮಾರು 185 ಕೋಟಿ ವರ್ಷಗಳ ಹಿಂದಿನ ಈ ಘಟನೆಯಲ್ಲಿ ಕಿಲೋಮೀಟರುಗಳ ದಪ್ಪದ ದ್ರವಪದರವೊಂದು ನಿಂತು, ಕೆಳಗಿನ ಶಿಲೆಯನ್ನು ಸುಮಾರು ಒಂದು ಕಿಲೋಮೀಟರ್ ಆಳದವರೆಗೆ ಶಾಖದಿಂದ ರೂಪಾಂತರಿಸಿ, ಸಂಪರ್ಕದ ಅಂಚಿನಲ್ಲಿ ಅದನ್ನು ಭಾಗಶಃ ಕರಗಿಸಿತು. ಅಲ್ಲಿಯ ನಿಕ್ಕಲ್ ಮತ್ತು ತಾಮ್ರದ ಅದಿರಿನ ಸಲ್ಫೈಡುಗಳು ಈ ದ್ರವದಿಂದ ಬೇರ್ಪಟ್ಟು ತಳಕ್ಕೆ ಇಳಿದವು. 1964ರಲ್ಲಿ ರಾಬರ್ಟ್ ಡೀಟ್ಸ್ ಸಡ್‌ಬರಿಯು ಉಲ್ಕಾಘಾತದ ರಚನೆಯೆಂದು ಸರಿಯಾಗಿಯೇ ಊಹಿಸಿದರು. ಆದರೆ ಅದಿರಿನ ಲೋಹವೂ ಆಕಾಶದಿಂದ ಬಂದುದೆಂಬ ಅವರ ಊಹೆ ನಿಲ್ಲಲಿಲ್ಲ. ಐಸೋಟೋಪುಗಳ ಪುರಾವೆ ಆ ಲೋಹ ಭೂಮಿಯ ಹೊರಪದರದ್ದೇ ಎಂದು ತೋರಿಸಿತು. ಅತಿಥಿ ಮತ್ತು ಆತಿಥೇಯ ಎಂಬ ಕಲ್ಪನೆ ಎಷ್ಟು ಬೇಗ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಅಲ್ಲಿ ಸಿರಿ ಬಂದವನದಲ್ಲ, ಮನೆಯದೇ.

4. ಲೋನಾರ್: ಮೂರು ಓದುಗಳು

ಉದ್ಯಾವರದಿಂದ ಉತ್ತರಕ್ಕೆ ನೇರ ದೂರದಲ್ಲಿ ಸುಮಾರು 750 ಕಿಲೋಮೀಟರ್ ಆಚೆಗಿರುವ ಲೋನಾರ್, ದಖ್ಖನಿನ ಬಸಾಲ್ಟಿನಲ್ಲಿ ಉಂಟಾದ ಸುಮಾರು 1.8 ಕಿಲೋಮೀಟರ್ ವ್ಯಾಸದ ಕುಳಿ. ಕರ್ನಾಟಕದಲ್ಲಿ ದೃಢಪಟ್ಟ ಉಲ್ಕಾಘಾತ ಕುಳಿ ಇಲ್ಲವಾದುದರಿಂದ ಈ ನೆಲದ ಅಧ್ಯಯನಕ್ಕೆ ಇದೇ ಹತ್ತಿರದ ಮಾದರಿ. 1823ರಲ್ಲಿ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಗಮನಿಸಿದ ಮೇಲೆ ನಡೆದ ವ್ಯಾಖ್ಯಾನಗಳನ್ನು ಮೂರು ಹಂತಗಳಾಗಿ ವಿಂಗಡಿಸಬಹುದು.

ಮೊದಲ ಓದು ಜ್ವಾಲಾಮುಖಿಯದು. ಸುತ್ತಲೂ ಲಾವಾದ ನೆಲ, ನಡುವೆ ದುಂಡನೆಯ ಕುಳಿ. ಇದನ್ನು ಜ್ವಾಲಾಮುಖಿಯ ಸ್ಫೋಟ ಅಥವಾ ಕುಸಿತವೆಂದು ತಿಳಿದುದು ಸಹಜವಾಗಿತ್ತು. ಅಮೆರಿಕದ ಭೂವಿಜ್ಞಾನಿ ಗಿಲ್ಬರ್ಟ್ 1896ರಲ್ಲಿಯೇ ಅರಿಜೋನದ ಕುಳಿಯೊಡನೆ ಇದರ ಸಾಮ್ಯವನ್ನು ಗುರುತಿಸಿದ್ದರೂ ಜ್ವಾಲಾಮುಖಿಯ ವಾದ ಬಹುಕಾಲ ಮುಂದುವರಿಯಿತು. ಸುತ್ತಲಿನ ಬಸಾಲ್ಟ್ ಸುಮಾರು 6.5 ಕೋಟಿ ವರ್ಷ ಹಳೆಯದು. ಕುಳಿಯ ಅಂಚಾದರೋ ಇನ್ನೂ ಸವೆಯದೆ ನಿಂತಿದೆ. ಆ ವಾದದ ದುರ್ಬಲತೆ ಈ ಅಂತರದಲ್ಲಿಯೇ ಇತ್ತು.

ಎರಡನೆಯ ಓದು 1973ರದು. ಫ್ರೆಡ್ರಿಕ್ಸನ್, ದುಬೆ, ಮಿಲ್ಟನ್ ಮತ್ತು ಬಾಲಸುಂದರಂ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಕುಳಿಯ ತಳದಲ್ಲಿ ಕೊರೆದು ತೆಗೆದ ಒಡಕುಶಿಲೆಯಲ್ಲಿ ಮ್ಯಾಸ್ಕೆಲಿನೈಟ್ ಮೊದಲಾದ ಆಘಾತದ ಕುರುಹುಗಳನ್ನು ತೋರಿಸಿ, ಲೋನಾರ್ ಬಸಾಲ್ಟಿನಲ್ಲಾದ ಉಲ್ಕಾಘಾತ ಕುಳಿಯೆಂದು ಸ್ಥಾಪಿಸಿತು. ಚಂದ್ರನ ನೆಲವೂ ಹಲವೆಡೆ ಬಸಾಲ್ಟಿನದಾದುದರಿಂದ, ಅಪೊಲೊ ನೌಕೆಗಳು 1969–1972ರ ನಡುವೆ ತಂದ ಶಿಲೆಗಳೊಡನೆ ಹೋಲಿಕೆಗೆ ಲೋನಾರ್ ಮಹತ್ವ ಪಡೆಯಿತು. ಈ ಓದು ಬಾಹ್ಯರೂಪವನ್ನು ಬಿಟ್ಟು ಖನಿಜದ ಒಳರಚನೆಗೆ ಹೋದುದರಿಂದಲೇ ನಿರ್ಣಾಯಕವಾಯಿತು.

ಮೂರನೆಯ ಓದು ದ್ರವ ಮತ್ತು ಮೂಲಶಿಲೆಯ ಸಂಬಂಧದ್ದು. ಇದು ಇನ್ನೂ ಮುಗಿದಿಲ್ಲ. ಲೋನಾರಿನಲ್ಲಿ ಸಡ್‌ಬರಿಯಂತಹ ದ್ರವಪದರ ಕಾಣಸಿಗುವುದಿಲ್ಲ. ಕುಳಿಯ ಗಾತ್ರ ಹೆಚ್ಚಿದಂತೆ ಕರಗುವ ಶಿಲೆಯ ಪ್ರಮಾಣ ಅದಕ್ಕಿಂತ ವೇಗವಾಗಿ ಹೆಚ್ಚುವುದರಿಂದ ಚಿಕ್ಕ ಕುಳಿಗಳಲ್ಲಿ ದ್ರವ ಸ್ವಲ್ಪವೇ. ಲೋನಾರಿನ ದ್ರವ ಗಾಜಿನ ಉಂಡೆಗಳಾಗಿ, ಸೂಕ್ಷ್ಮ ಗೋಲಕಗಳಾಗಿ, ಕಲ್ಲಿನ ಚೂರುಗಳನ್ನು ಬೆಸೆದ ಒಡಕುಶಿಲೆಯಾಗಿ ದೊರೆಯುತ್ತದೆ. ಅದು ಬೇಗ ತಣಿಯಿತು. ಬೇಗ ತಣಿದುದರಿಂದ ಪೂರ್ಣವಾಗಿ ಬೆರೆಯಲಿಲ್ಲ. ಹೀಗಾಗಿ ಒಂದೇ ಕುಳಿಯ ಎರಡು ಮಾದರಿಗಳು ಎರಡು ಬಗೆಯ ಸಾಕ್ಷ್ಯ ನುಡಿಯಲು ಅವಕಾಶವಿದೆ. 2005ರಲ್ಲಿ ಪ್ರಕಟವಾದ ಓಸೇ ಮತ್ತು ಸಂಗಡಿಗರ ವಿಶ್ಲೇಷಣೆಯಲ್ಲಿ ಆಘಾತದ್ರವದ ಸಂಯೋಜನೆ ಸ್ಥಳದ ಬಸಾಲ್ಟಿಗೆ ಬಹುಮಟ್ಟಿಗೆ ಸಮಾನವೆಂದೂ, ಹೊರಗಿನ ಕಾಯದ ಅಂಶ ಗಮನಾರ್ಹವಾಗಿ ಕಾಣುವುದಿಲ್ಲವೆಂದೂ ತಿಳಿದುಬಂದಿತು. ಆದರೆ 2009ರಲ್ಲಿ ಮಿಶ್ರ ಮತ್ತು ಸಂಗಡಿಗರು ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಗೋಲಕಗಳಲ್ಲಿ ನಿಕ್ಕಲ್ ಮೊದಲಾದ ಧಾತುಗಳ ಆಧಿಕ್ಯವನ್ನು ಕಂಡು, ಉಲ್ಕೆಯ ಪಾಲನ್ನು ಗುರುತಿಸಿದರು. ಎರಡೂ ಫಲಿತಾಂಶಗಳು ಪರಸ್ಪರ ವಿರುದ್ಧವೆಂದು ತೋರಿದರೂ ಹಾಗಲ್ಲ. ಉಲ್ಕೆ ಬೆರೆತುದು ಕೆಲವು ಹನಿಗಳಲ್ಲಿ ಮಾತ್ರ. ದೊಡ್ಡ ಉಂಡೆಗಳು ನೆಲದ ಕಲ್ಲಿನವು.

5. ತಳಶಿಲೆಯ ಪಾಲು

2006ರಲ್ಲಿ ರಮಾನಂದ ಚಕ್ರವರ್ತಿ ಮತ್ತು ಆಶೀಶ್ ಬಸು ಪ್ರಕಟಿಸಿದ ಅಧ್ಯಯನವು ಚರ್ಚೆಗೆ ಹೊಸ ತಿರುವು ನೀಡಿತು. ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಸೀಸಗಳ ಐಸೋಟೋಪುಗಳ ಅನುಪಾತಗಳ ಆಧಾರದ ಮೇಲೆ ಲೋನಾರಿನ ಒಡಕುಶಿಲೆಯಲ್ಲಿ ಬಸಾಲ್ಟಿನದಲ್ಲದ ಅಂಶವಿದೆಯೆಂದೂ, ಅದು ಲಾವಾಪದರಗಳ ಕೆಳಗಿರುವ ಆರ್ಕಿಯನ್ ಯುಗದ ತಳಶಿಲೆಯದೆಂದೂ ಅವರು ವಾದಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಕ್ರವರ್ತಿಯವರ ತಂಡ ಮುಂದುವರಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವು ಕಾಂಡ್ರೈಟ್ ವರ್ಗದ ಉಲ್ಕೆಯ ಪುರಾವೆಯೊಂದಿಗೆ, ಬಸಾಲ್ಟಿನ ಕೆಳಗಣ ಪ್ರೀಕೇಂಬ್ರಿಯನ್ ತಳಶಿಲೆ ಕರಗಿತೆಂಬ ನಿಲುವನ್ನು ಮತ್ತೆ ಮಂಡಿಸಿತು.

ಈ ವಾದದ ಮಹತ್ವ ಲೋನಾರಿಗೆ ಸೀಮಿತವಲ್ಲ. ಅದು ನಿಂತರೆ, ದಖ್ಖನಿನ ಲಾವಾದ ಕೆಳಗೆ ಕಣ್ಣಿಗೆ ಕಾಣದೆ ಇರುವ ಪುರಾತನ ಭೂಪದರದ ಬಗೆಗೆ ಒಂದು ಆಕಸ್ಮಿಕ ಕೊಳವೆಬಾವಿಯೇ ದೊರೆತಂತಾಗುತ್ತದೆ. ಆದರೆ ವಿಮರ್ಶೆಯ ದೃಷ್ಟಿಯಿಂದ ಎರಡು ಪ್ರಶ್ನೆಗಳನ್ನು ಎತ್ತಬೇಕಾಗುತ್ತದೆ.

ಮೊದಲನೆಯದು ಆಳದ ಪ್ರಶ್ನೆ. 1.8 ಕಿಲೋಮೀಟರ್ ವ್ಯಾಸದ ಕುಳಿ ಆಘಾತದ ಕ್ಷಣದಲ್ಲಿ ತಾತ್ಕಾಲಿಕವಾಗಿ ತೆರೆದುಕೊಳ್ಳುವ ಆಳ, ಸಾಮಾನ್ಯ ಅನುಪಾತಗಳ ಪ್ರಕಾರ, ಐದುನೂರು ಮೀಟರಿನ ಆಸುಪಾಸಿನದು. ಅದರಿಂದ ವಸ್ತು ಹೊರಚೆಲ್ಲಲ್ಪಡುವ ಆಳ ಇನ್ನೂ ಕಡಿಮೆ. ಅಲ್ಲಿಯ ಬಸಾಲ್ಟ್ ಪದರಗಳ ಒಟ್ಟು ದಪ್ಪ ನೂರಾರು ಮೀಟರುಗಳದು. ತಳಶಿಲೆ ಈ ವ್ಯಾಪ್ತಿಯೊಳಗೆ ಬರುತ್ತದೆಯೇ ಎಂಬುದು ಐಸೋಟೋಪಿನಿಂದಲ್ಲ, ಕೊರೆತದಿಂದ ತೀರ್ಮಾನವಾಗಬೇಕಾದ ವಿಷಯ. ಎರಡನೆಯದು ಪರ್ಯಾಯ ಮೂಲದ ಪ್ರಶ್ನೆ. ದಖ್ಖನಿನ ಲಾವಾಪದರಗಳ ನಡುವೆ ಕೆಂಪುಮಣ್ಣಿನ ಪದರಗಳಿವೆ; ಅವು ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವಣ ಬಿಡುವಿನಲ್ಲಿ ಶಿಥಿಲೀಕರಣದಿಂದ ಉಂಟಾದವು. ಗಾಳಿ ಮತ್ತು ನೀರು ದೂರದ ಹಳೆಯ ಶಿಲೆಗಳ ಧೂಳನ್ನು ಅಲ್ಲಿಗೆ ತಂದಿರಬಹುದು. ಹಾಗಿದ್ದಲ್ಲಿ ಆರ್ಕಿಯನ್ ಗುರುತು ಆರ್ಕಿಯನ್ ತಳಶಿಲೆಯಿಂದಲೇ ಬಂದಿರಬೇಕೆಂಬ ನಿಯಮವಿಲ್ಲ. ಮೂಲಶಿಲೆ ಎಂದಾಗ ಬಸಾಲ್ಟನ್ನು ಮಾತ್ರವಲ್ಲದೆ ಅದರ ನಡುವಣ ಮಣ್ಣನ್ನೂ ಎಣಿಸುವುದು ಇಲ್ಲಿ ಅಗತ್ಯ. ಈ ಪ್ರಶ್ನೆಗಳು ವಾದವನ್ನು ತಳ್ಳಿಹಾಕುವುದಿಲ್ಲ. ಅದು ಯಾವ ಪುರಾವೆಯ ಮೇಲೆ ಅಂತಿಮವಾಗಿ ನಿಲ್ಲಬೇಕೆಂಬುದನ್ನು ಸೂಚಿಸುತ್ತವೆ.

6. ವಯಸ್ಸಿನ ವಿವಾದ

ಕುಳಿಯ ಕಾಲನಿರ್ಣಯದ ಪ್ರಶ್ನೆ ಇದಕ್ಕಿಂತಲೂ ಗಂಭೀರವಾದುದು. 1997ರಲ್ಲಿ ಸೇನ್‌ಗುಪ್ತ, ಭಂಡಾರಿ ಮತ್ತು ವಟನಬೆ ಉಷ್ಣದೀಪ್ತಿ ವಿಧಾನದಿಂದ ಆಘಾತದ ಗಾಜಿಗೆ 52,000 ವರ್ಷಗಳ ವಯಸ್ಸನ್ನು ನೀಡಿದರು. ಅನಿಶ್ಚಿತತೆ 6,000 ವರ್ಷ. 2011ರಲ್ಲಿ ಜೂರ್ದಾನ್ ಮತ್ತು ಸಂಗಡಿಗರು ಆರ್ಗಾನ್ ವಿಧಾನದಿಂದ ಅಲ್ಲಿಯ ಆಘಾತದ್ರವದ ಶಿಲೆಗೆ 5,70,000 ವರ್ಷಗಳ ವಯಸ್ಸನ್ನು ನೀಡಿದರು. ಅನಿಶ್ಚಿತತೆ 47,000 ವರ್ಷ. 2014ರಲ್ಲಿ ನಕಮುರ ಮತ್ತು ಸಂಗಡಿಗರು ವಿಶ್ವಕಿರಣಗಳಿಂದ ಶಿಲೆಯಲ್ಲಿ ಹುಟ್ಟುವ ಬೆರಿಲಿಯಂ-10 ಮತ್ತು ಅಲ್ಯುಮಿನಿಯಂ-26 ಐಸೋಟೋಪುಗಳನ್ನು ಅಳೆದು ಸುಮಾರು 37,500 ವರ್ಷಗಳ ವಯಸ್ಸನ್ನು ಸೂಚಿಸಿದರು. ಮೊದಲ ಎರಡು ಅಂಕಿಗಳ ನಡುವೆ ಹತ್ತು ಪಟ್ಟಿಗೂ ಮೀರಿದ ಅಂತರವಿದೆ.

ಆರ್ಗಾನ್ ವಿಧಾನದ ತತ್ತ್ವ ಸರಳವಾದುದು. ಶಿಲೆಯಲ್ಲಿರುವ ಪೊಟ್ಯಾಸಿಯಂ-40 ಕಾಲಕ್ರಮದಲ್ಲಿ ಆರ್ಗಾನ್-40 ಅನಿಲವಾಗಿ ಮಾರ್ಪಡುತ್ತದೆ. ಶಿಲೆ ಕರಗಿದಾಗ ಅನಿಲ ಹೊರಟುಹೋಗಿ ಗಡಿಯಾರ ಶೂನ್ಯಕ್ಕೆ ಬರುತ್ತದೆ ಎಂಬುದು ಇದರ ಆಧಾರ. ಜ್ವಾಲಾಮುಖಿಯ ಶಿಲಾಪಾಕ ದೀರ್ಘಕಾಲ ದ್ರವರೂಪದಲ್ಲಿರುವುದರಿಂದ ಈ ಆಧಾರ ಸಾಮಾನ್ಯವಾಗಿ ಸರಿ. ಕ್ಷಣದಲ್ಲಿ ಕರಗಿ, ತಣ್ಣನೆಯ ಚೂರುಗಳಿಂದ ಬೇಗ ತಣಿಸಲ್ಪಟ್ಟ ಆಘಾತದ್ರವದಲ್ಲಿ ಅದನ್ನು ಸಿದ್ಧಪಡಿಸಿ ತೋರಿಸಬೇಕಾಗುತ್ತದೆ. ಸರಳ ಲೆಕ್ಕವೊಂದನ್ನು ಮಾಡಿದರೆ ಅಪಾಯದ ಪ್ರಮಾಣ ತಿಳಿಯುತ್ತದೆ. ಬಸಾಲ್ಟಿನ ವಯಸ್ಸು 6.5 ಕೋಟಿ ವರ್ಷ. ಅದರಲ್ಲಿ ಸಂಚಯವಾಗಿದ್ದ ಆರ್ಗಾನಿನ ನೂರರಲ್ಲಿ ಒಂದು ಪಾಲು ಮಾತ್ರ ದ್ರವದಲ್ಲಿ ಉಳಿದು, ಅದನ್ನು ಗುರುತಿಸದೆ ಹೋದರೆ, ಇಂದು ತಣಿದ ಕಲ್ಲಿಗೂ ಸುಮಾರು ಆರೂವರೆ ಲಕ್ಷ ವರ್ಷಗಳ ತೋರಿಕೆಯ ವಯಸ್ಸು ಬರುತ್ತದೆ. ವಿವಾದದಲ್ಲಿರುವ 5,70,000 ವರ್ಷಗಳು ಬಸಾಲ್ಟಿನ ವಯಸ್ಸಿನ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಎಂಬುದು ಗಮನಾರ್ಹ.

ಇದರಿಂದ 2011ರ ಫಲಿತಾಂಶ ತಪ್ಪೆಂದು ಸಿದ್ಧವಾಗುವುದಿಲ್ಲ. ಹಳೆಯ ಆರ್ಗಾನಿನ ಸಮಸ್ಯೆಯನ್ನು ಜೂರ್ದಾನ್ ಸ್ವತಃ ಮೊದಲೇ ಅಧ್ಯಯನ ಮಾಡಿದ್ದರು. ದಕ್ಷಿಣ ಆಫ್ರಿಕದ ತ್ಸ್ವಾಯಿಂಗ್ ಕುಳಿ ಸುಮಾರು 200 ಕೋಟಿ ವರ್ಷ ಹಳೆಯದಾದ ಗ್ರಾನೈಟಿನಲ್ಲಿ ಉಂಟಾದುದು. ಅಲ್ಲಿಯ ಗಾಜು ಹಳೆಯ ಆರ್ಗಾನನ್ನು ಹಿಡಿದಿಟ್ಟುಕೊಂಡು ನೈಜ ವಯಸ್ಸಿಗಿಂತ ಬಹಳ ಹೆಚ್ಚಿನ ವಯಸ್ಸನ್ನು ತೋರುತ್ತದೆಂದು ಅವರೂ ಸಹಲೇಖಕರೂ 2007ರಲ್ಲಿ ತೋರಿಸಿದ್ದರು. ಸಿಲಿಕ ಹೆಚ್ಚಾದ ದ್ರವ ಅಂಟಂಟಾಗಿರುವುದರಿಂದ ಅನಿಲ ಹೊರಬರುವುದು ಕಷ್ಟ. ಬಸಾಲ್ಟಿನ ದ್ರವ ತೆಳುವಾಗಿರುವುದರಿಂದ ಸುಲಭ ಎಂಬುದು ಲೋನಾರಿನ ಬಗೆಗೆ ಅವರ ವಾದದ ತಿರುಳು. ಉಳಿದ ಆರ್ಗಾನನ್ನು ಲೆಕ್ಕದಿಂದ ಬೇರ್ಪಡಿಸುವ ಕ್ರಮವನ್ನೂ ಅವರು ಅನುಸರಿಸಿದ್ದಾರೆ. ಆದರೆ ಆ ಕ್ರಮ ಸಫಲವಾಗಬೇಕಾದರೆ ಉಳಿದ ಆರ್ಗಾನ್ ದ್ರವದಲ್ಲಿ ಸಮನಾಗಿ ಹರಡಿರಬೇಕು. ಕರಗದ ಚೂರುಗಳಿಂದ ತುಂಬಿದ, ಬೇಗ ತಣಿದ ದ್ರವದಲ್ಲಿ ಅದು ಎಲ್ಲ ಮಾದರಿಗಳಿಗೂ ಅನ್ವಯಿಸುತ್ತದೆಯೇ ಎಂಬುದೇ ಪ್ರಶ್ನೆ.

ಇತರ ವಿಧಾನಗಳೂ ನಿರ್ದೋಷವಲ್ಲ. ವಿಶ್ವಕಿರಣಗಳ ವಿಧಾನದಲ್ಲಿ ಮೇಲ್ಮೈ ಸವೆದರೆ ವಯಸ್ಸು ಕಡಿಮೆಯಾಗಿ ಕಾಣುತ್ತದೆ. ಉಷ್ಣದೀಪ್ತಿಯಲ್ಲಿ ಖನಿಜದ ಸಂಗ್ರಹಶಕ್ತಿ ತುಂಬಿದ ಮೇಲೆ ಗಡಿಯಾರ ಮುಂದೆ ಸಾಗುವುದಿಲ್ಲ. ಅಂದರೆ ಒಂದು ಪಕ್ಷದ ವಿಧಾನ ತಪ್ಪಿದರೆ ಹಳೆಯದರ ಕಡೆಗೆ ತಪ್ಪುತ್ತದೆ. ಇನ್ನೊಂದು ಪಕ್ಷದವು ತಪ್ಪಿದರೆ ಹೊಸದರ ಕಡೆಗೆ ತಪ್ಪುತ್ತವೆ. ಇಂತಹ ಸಂದರ್ಭದಲ್ಲಿ ಯಾವುದೇ ಒಂದು ಅಂಕಿಯನ್ನು ‘ಲೋನಾರಿನ ವಯಸ್ಸು’ ಎಂದು ಪಠ್ಯದಲ್ಲಿ ಬರೆಯುವುದು ವೈಜ್ಞಾನಿಕವಾಗಿ ಸಮರ್ಥನೀಯವಲ್ಲ. ಅಂಕಿಯ ಜೊತೆಗೆ ಯಾವ ವಿಧಾನ, ಯಾವ ಮಾದರಿ ಎಂಬುದೂ ಬರಬೇಕು. ಚಂದ್ರನ ಕುಳಿಗಳ ಕಾಲಾನುಕ್ರಮವನ್ನು ಕಟ್ಟಿರುವುದೂ ಬಹುಮಟ್ಟಿಗೆ ಆಘಾತದ್ರವದ ಮಾದರಿಗಳ ಆರ್ಗಾನ್ ವಯಸ್ಸುಗಳ ಮೇಲೆಯೇ ಆದುದರಿಂದ, ಲೋನಾರಿನ ಒಂದು ಹಿಡಿ ಕಲ್ಲಿನಲ್ಲಿ ಹಳೆಯ ಅನಿಲ ಉಳಿದಿದೆಯೇ ಎಂಬ ಪ್ರಶ್ನೆಗೆ ಭೂಮಿಯನ್ನು ಮೀರಿದ ವ್ಯಾಪ್ತಿ ಇದೆ.

7. ಗ್ರಾನೈಟ್ ನೆಲದ ಪಾಠ

ಲೋನಾರಿನ ನಿದರ್ಶನವನ್ನು ಕರ್ನಾಟಕದ ಕರಾವಳಿಗೆ ನೇರವಾಗಿ ಅನ್ವಯಿಸಲಾಗದು. ಉದ್ಯಾವರದಿಂದ ಕಾರ್ಕಳದವರೆಗಿನ ನೆಲದ ಮೇಲ್ಪದರ ಹಲವೆಡೆ ಮುರಕಲ್ಲಿನದಾದರೂ ತಳದಲ್ಲಿರುವುದು ನೈಸ್ ಮತ್ತು ಗ್ರಾನೈಟ್. 1432ರಲ್ಲಿ ಸ್ಥಾಪಿತವಾದ ಕಾರ್ಕಳದ ಗೊಮ್ಮಟನ ಏಕಶಿಲೆಯೂ ಈ ವರ್ಗದ ಗಟ್ಟಿ ಶಿಲೆಯೇ. ಇಂತಹ ನೆಲಕ್ಕೆ ಸಮೀಪದ ಮಾದರಿ ಮಧ್ಯಪ್ರದೇಶದ ಢಾಲಾ. ಸುಮಾರು 11 ಕಿಲೋಮೀಟರ್ ವ್ಯಾಸದ ಈ ರಚನೆ ಬುಂದೇಲಖಂಡದ ಗ್ರಾನೈಟ್ ನೆಲದಲ್ಲಿದೆ. ಜಯಂತ ಪಾತಿ ಮತ್ತು ಸಂಗಡಿಗರು 2008ರಲ್ಲಿ ಅದರ ಉಲ್ಕಾಘಾತ ಮೂಲವನ್ನು ಸ್ಥಾಪಿಸಿದರು. ಅಲ್ಲಿ ಕುಳಿಯ ಆಕಾರ ಬಹುಮಟ್ಟಿಗೆ ಸವೆದುಹೋಗಿದೆ. ಕರಗದ ಗ್ರಾನೈಟ್ ಚೂರುಗಳನ್ನು ತುಂಬಿಕೊಂಡ ಆಘಾತದ್ರವದ ಶಿಲೆಯೇ ಮುಖ್ಯ ಸಾಕ್ಷಿಯಾಗಿ ಉಳಿದಿದೆ. ರೂಪ ಅಳಿದಾಗ ದ್ರವ ಮತ್ತು ನೆರೆಶಿಲೆಯ ಸಂಬಂಧವೊಂದೇ ಆಧಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ತ್ಸ್ವಾಯಿಂಗ್‌ನ ಅನುಭವವನ್ನು ಇದರೊಡನೆ ಇರಿಸಿ ನೋಡಿದರೆ ಗ್ರಾನೈಟ್ ನೆಲದ ತೊಡಕು ಎದ್ದುಕಾಣುತ್ತದೆ. ಕಲ್ಲು ಹೆಚ್ಚು ಹಳೆಯದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಆದ್ದರಿಂದ ಸಂಚಿತ ಆರ್ಗಾನ್ ಹೆಚ್ಚು. ದ್ರವ ಅಂಟಂಟಾದುದರಿಂದ ಅನಿಲ ಹೊರಹೋಗುವುದು ಕಡಿಮೆ. ಪ್ರಾಚೀನ ಶಿಲೆಗಳ ನಾಡಿನಲ್ಲಿ ಮುಂದೆ ಎಂದಾದರೂ ಇಂತಹ ರಚನೆ ಪತ್ತೆಯಾದಲ್ಲಿ ಅದರ ಕಾಲನಿರ್ಣಯ ಲೋನಾರಿಗಿಂತಲೂ ಎಚ್ಚರವನ್ನು ಬೇಡುತ್ತದೆ.

8. ಸಮಾರೋಪ

ಒಟ್ಟಾರೆ, ಲೋನಾರಿನ ತಳಶಿಲೆಯ ವಿವಾದವೂ ವಯಸ್ಸಿನ ವಿವಾದವೂ ಎರಡಲ್ಲ, ಒಂದೇ ಪ್ರಶ್ನೆಯ ಎರಡು ಮುಖಗಳು. ಕರಗಿದ ಕಲ್ಲು ತನ್ನ ಹಿಂದಿನ ಸ್ಥಿತಿಯ ಗುರುತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂಬುದೇ ಆ ಪ್ರಶ್ನೆ. ಐಸೋಟೋಪು ತಜ್ಞನಿಗೆ ಆ ಉಳಿಕೆ ಸಂಪತ್ತು; ಅದರಿಂದಲೇ ಅವನು ಮೂಲಶಿಲೆಯನ್ನು ಗುರುತಿಸುತ್ತಾನೆ. ಕಾಲನಿರ್ಣಯಕಾರನಿಗೆ ಅದೇ ಉಳಿಕೆ ದೋಷ. ಅದರಿಂದಲೇ ಅವನ ಗಡಿಯಾರ ತಪ್ಪುತ್ತದೆ. ದ್ರವ ಪೂರ್ಣವಾಗಿ ಬೆರೆತಿಲ್ಲವೆಂದು ಒಂದು ಚರ್ಚೆಯಲ್ಲಿ ಒಪ್ಪಿ, ಪೂರ್ಣವಾಗಿ ಅನಿಲ ಕಳೆದುಕೊಂಡಿದೆಯೆಂದು ಇನ್ನೊಂದರಲ್ಲಿ ಒಪ್ಪುವವರು ಈ ಎರಡು ನಿಲುವುಗಳು ಹೇಗೆ ಹೊಂದುತ್ತವೆಂಬುದನ್ನು ವಿವರಿಸಬೇಕಾಗುತ್ತದೆ. ಅನಿಲ ಘನಧಾತುಗಳಿಗಿಂತ ಬೇಗ ಚಲಿಸುವುದರಿಂದ ಅವು ಹೊಂದಲು ಸಾಧ್ಯವಿದೆ. ಆದರೆ ಆ ಸಾಧ್ಯತೆಯನ್ನು ಒಂದೇ ಮಾದರಿಯಲ್ಲಿ ಎರಡು ಪರೀಕ್ಷೆಗಳನ್ನೂ ನಡೆಸಿ ತೋರಿಸಬೇಕು. ಲೋನಾರಿನ ಅಧ್ಯಯನ ಮುಂದೆ ಹಿಡಿಯಬೇಕಾದ ದಾರಿ ಇದು.

ಕನ್ನಡದ ವಿಜ್ಞಾನ ಸಾಹಿತ್ಯದ ಮಟ್ಟಿಗೆ ಇದರಿಂದ ದೊರೆಯುವ ಪಾಠ ಪರಿಭಾಷೆಯದು. ಶಿಲಾಪಾಕ ಮತ್ತು ಆಘಾತದ್ರವ, ಆತಿಥೇಯ ಶಿಲೆ ಮತ್ತು ಮೂಲಶಿಲೆ ಎಂಬ ಭೇದಗಳು ಪದಗಳ ಅಲಂಕಾರಕ್ಕಾಗಿ ಅಲ್ಲ. ಅವು ಓದುಗನು ಯಾವ ಪ್ರಶ್ನೆಯನ್ನು ಕೇಳಬಲ್ಲನೆಂಬುದನ್ನು ನಿರ್ಧರಿಸುತ್ತವೆ. ಮಲ್ಪೆಯ ದ್ವೀಪದ ಕಂಬಗಲ್ಲನ್ನೂ ಲೋನಾರಿನ ಗಾಜಿನ ಉಂಡೆಯನ್ನೂ ‘ಲಾವಾರಸ’ ಎಂಬ ಒಂದೇ ಪದದಿಂದ ಹೆಸರಿಸಿದ ಓದುಗನಿಗೆ ಎರಡನೆಯದರ ವಯಸ್ಸು ವಿವಾದಾಸ್ಪದವಾದುದೇಕೆ ಎಂಬುದು ಹೊಳೆಯದು. ಉದ್ಯಾವರದ ಶಾಸನಗಳನ್ನು ಓದಿದ ವಿದ್ವಾಂಸರು ಕಲ್ಲನ್ನೂ ಬರಹವನ್ನೂ ಬೇರ್ಪಡಿಸಿ ನೋಡಿದುದರಿಂದಲೇ ಆಳುಪರ ಕಾಲ ನಿರ್ಣಯವಾಯಿತು. ಬರಹವು ಕಲ್ಲಿನೊಳಗೇ ಕರಗಿ ಬೆರೆತಿರುವಲ್ಲಿ ಅದೇ ವಿವೇಚನೆ ಇನ್ನಷ್ಟು ತಾಳ್ಮೆಯಿಂದ ನಡೆಯಬೇಕಾಗಿದೆ.